ಇಲ್ಲ ಎನ್ನುವ ಅಂಗಡಿ

ನಮ್ಮ ಕಡೆ 'ಇಲ್ಲ' ಎಂಬುದು ಒಳ್ಳೆಯ ಮಾತಲ್ಲ. ಡಬ್ಬಿಯಲ್ಲಿ ಉಪ್ಪು ತೀರಿದರೆ 'ಉಪ್ಪು ಇಲ್ಲ' ಎನ್ನಬಾರದು. 'ಉಪ್ಪು ಹೆಚ್ಚಾಗೇದ' ಎನ್ನಬೇಕು. ಅಕ್ಕಿಗೂ ಇದೇ ನಿಯಮ, ಕುಂಕುಮಕ್ಕೂ ಇದೇ ನಿಯಮ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಒಮ್ಮೆ ಮರೆತು 'ಅತ್ತಿ, ಅಕ್ಕಿ ಇಲ್ರಿ' ಎಂದಾಗ ನಮ್ಮ ಅತ್ತೆ ಕೆನ್ನೆಗೆ ಕೈ ಹಚ್ಚಿ, 'ಬಿ.ಎ. ಓದಸುವಾಗ ಇದನ್ನ ಕಲಿಸಲಿಲ್ಲೇನವಾ ನಿನಗ?' ಎಂದು ಕೇಳಿದ್ದರು. ಆ ಮನೆಯಲ್ಲಿ ನನ್ನ ಪದವಿಗೆ ಬಿದ್ದ ಮೊದಲ ಪೆಟ್ಟು ಅದು.

ಮನೆಯ ಈ ನಿಯಮವನ್ನು ನಮ್ಮ ಅಂಗಡಿಕಾರರು ಇನ್ನಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆ. ಕೇಳಿದ ಸೋಪು ಇರದಿದ್ದರೆ 'ಅದಕಿಂತ ಛಲೋದು ಬಂದೈತ್ರಿ' ಎಂದು ಬೇರೆಯದನ್ನು ಮುಂದಿಡುತ್ತಾರೆ. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಲಕ್ಷ್ಮಿಯನ್ನೇ ಕಳಿಸಿದಂತೆ. ಸೋಪಿನ ಮಟ್ಟಿಗೆ ಇದು ಸರಿಯೇ. ಆದರೆ ಊರಿನಲ್ಲಿ ಒಂದು ಅಂಗಡಿಯಾದರೂ 'ಇಲ್ಲ' ಎನ್ನಬೇಕು, ಅದು ಔಷಧದ ಅಂಗಡಿ ಎಂಬುದು ನನಗೆ ತಿಳಿಯಲು ಬಹಳ ವರ್ಷ ಬೇಕಾದವು. ವರ್ಗಾವಣೆಯ ದೆಸೆಯಿಂದ ನಾನು ಮುದ್ದೇಬಿಹಾಳ, ಸಿಂದಗಿ, ಬಸವನ ಬಾಗೇವಾಡಿ, ಇಂಡಿ ನಾಲ್ಕೂ ತಾಲೂಕುಗಳ ನೀರು ಕುಡಿದಿದ್ದೇನೆ. ನೀರು ಕುಡಿದ ಮೇಲೆ ಔಷಧ ಕುಡಿಯುವುದೂ ಬಂದೇ ಬರುತ್ತದೆ. ಹಾಗಾಗಿ ನಾಲ್ಕೂ ಕಡೆಯ ಔಷಧದ ಅಂಗಡಿಗಳ ಕಟ್ಟೆ ಹತ್ತಿದ್ದೇನೆ.

1994ರಲ್ಲಿ ಮುದ್ದೇಬಿಹಾಳ ತಾಲೂಕಿನ ಹಳ್ಳಿಯೊಂದರಲ್ಲಿ ನನ್ನ ನೌಕರಿ ಶುರುವಾಯಿತು. ಅಲ್ಲಿ ಔಷಧದ ಅಂಗಡಿ ಇರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಪೆಪ್ಪರಮೆಂಟಿನ ಬರಣಿಯ ಪಕ್ಕದಲ್ಲೇ ಗುಳಗಿಗಳ ಬರಣಿ. ಹೆಸರಿನ ಗೊಡವೆಯಿಲ್ಲ, ಬಣ್ಣವೇ ಗುರುತು. ಬಿಳಿಯದು ತಲೆಶೂಲೆಗೆ, ಹಳದಿಯದು ಮೈಕೈ ನೋವಿಗೆ, ಎರಡು ಬಣ್ಣದ ಕ್ಯಾಪ್ಸೂಲು ಜೋರು ಜ್ವರಕ್ಕೆ. ಜನ 'ಎರಡು ಬಿಳೀದು, ಒಂದು ಬೀಡಿ ಕಟ್ಟು' ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ಇದೆಲ್ಲ ಕಾನೂನಿಗೆ ಪೂರ್ತಿ ವಿರುದ್ಧ ಎಂದು ನಾನು ತಿಳಿದಿದ್ದೆ. ಪೂರ್ತಿ ಅಲ್ಲವಂತೆ. 1945ರ ಔಷಧ ನಿಯಮಗಳಲ್ಲಿ ಒಂದು ವಿನಾಯಿತಿ ಇದೆ. ಸಾವಿರಕ್ಕಿಂತ ಹೆಚ್ಚು ಜನವಸತಿ ಇಲ್ಲದ ಹಳ್ಳಿಗಳಲ್ಲಿ ಜ್ವರದ ಗುಳಗಿ, ನೋವಿನ ಮುಲಾಮು, ಗ್ರೈಪ್ ವಾಟರ್‌ನಂಥ ಕೆಲವು ಮನೆಮದ್ದುಗಳನ್ನು ಪರವಾನಗಿ ಇಲ್ಲದೆ ಮಾರಬಹುದು. ದವಾಖಾನೆ ದೂರವಿರುವ ಜನರ ಕಷ್ಟ ಬಲ್ಲವರು ಮಾಡಿದ ನಿಯಮ. ಆದರೆ ಆ ಎರಡು ಬಣ್ಣದ ಕ್ಯಾಪ್ಸೂಲು ಆ ಪಟ್ಟಿಯಲ್ಲಿಲ್ಲ. ನಿಯಮ ತೆರೆದ ಸಣ್ಣ ಕಿಂಡಿಯಿಂದ ನಾವು ಎತ್ತಿನ ಬಂಡಿಯನ್ನೇ ದಾಟಿಸುತ್ತೇವೆ.

ಮುಂದೆ ಸಿಂದಗಿಗೆ ಬಂದೆ. ಅಲ್ಲಿ ನಾವಿದ್ದ ಓಣಿಯ ಮೂಲೆಗೆ ಒಂದು ಸಣ್ಣ ಔಷಧದ ಅಂಗಡಿ. ಮಾಲಕರೇ ಫಾರ್ಮಾಸಿಸ್ಟರು, ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಆ ಕಡಿಮೆ ಮಾತಿನಲ್ಲೂ ಹೆಚ್ಚಿನದು 'ಇಲ್ರಿ'. ಚೀಟಿ ಇಲ್ಲದೆ ಹೋದರೆ 'ಇಲ್ರಿ'. ಹಳೆಯ ಚೀಟಿ ಒಯ್ದರೆ 'ಇಲ್ರಿ, ಡಾಕ್ಟರಿಗೆ ತೋರಿಸ್ಕೊಂಡು ಬರ್ರಿ'. ಬರೆದ ಗುಳಗಿಯ ಬದಲು ಬೇರೆ ಯಾವುದಾದರೂ ಕೊಡಿ ಎಂದರೂ 'ಇಲ್ರಿ'. ನಮ್ಮ ಮನೆಯಲ್ಲಿ ಅವರಿಗೆ 'ಇಲ್ಲಪ್ಪ' ಎಂದು ಹೆಸರಿಟ್ಟಿದ್ದೆವು.

ಔಷಧ ಕೊಡುವಾಗ ಅವರ ಪ್ರಶ್ನೆಗಳು ಬೇರೆ. ಯಾರಿಗೆ? ವಯಸ್ಸೆಷ್ಟು? ಬೇರೆ ಗುಳಗಿ ನಡೆದಾವೇನು? ಹೆಣ್ಣುಮಕ್ಕಳಾದರೆ ದನಿ ತಗ್ಗಿಸಿ, 'ಬಸರೇನವ್ವಾ?' ನಾವು ಹೆಂಗಸರು ಇದನ್ನು ಚೌಕಾಶಿ ಮಾಡುವ ಬುದ್ಧಿ ಎಂದೇ ತಿಳಿದಿದ್ದೆವು. ಓದು ಬಾರದವರು ಬಂದರೆ ಗುಳಗಿಯ ಪಟ್ಟಿಯ ಮೇಲೆ ಪೆನ್ನಿನಿಂದ ಸೂರ್ಯನನ್ನೋ ಚಂದ್ರನನ್ನೋ ಬರೆಯುತ್ತಿದ್ದರು. ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ, ಊಟವಾದ ಮೇಲಿನದಾದರೆ ಪಕ್ಕದಲ್ಲೊಂದು ತಾಟು. ನಾಲ್ಕು ಗುಳಗಿ ಕತ್ತರಿಸಿ ಕೊಡುವಾಗ ತಯಾರಿಯ ತಂಡದ ನಂಬರು, ಅವಧಿ ಮುದ್ರಿಸಿದ ಅಂಚನ್ನು ಬಿಟ್ಟು ಇನ್ನೊಂದು ಕಡೆಯಿಂದ ಕತ್ತರಿಸುತ್ತಿದ್ದರು. ಉಳಿದ ತುಂಡಿನ ಮೇಲೆ ಗುರುತು ಉಳಿಯಬೇಕು, ಇಲ್ಲವಾದರೆ ಅದು ಯಾವ ಕಾಲದ್ದೆಂದು ನಾಳೆ ತಿಳಿಯುವುದು ಹೇಗೆ? ಅವಧಿ ಮುಗಿದವುಗಳಿಗೆ ಬೇರೆಯೇ ಒಂದು ರಟ್ಟಿನ ಪೆಟ್ಟಿಗೆ. ಮೇಲೆ ದೊಡ್ಡ ಅಕ್ಷರದಲ್ಲಿ 'ಮಾರಾಟಕ್ಕಲ್ಲ'.

ಅವರ ಫ್ರಿಜ್ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಜಿಲ್ಲೆಯ ಬೇಸಿಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುತ್ತದೆ, ಆಗ ಕರೆಂಟೂ ನಮ್ಮನ್ನು ಬಿಟ್ಟು ತವರಿಗೆ ಹೋಗುತ್ತಿತ್ತು. ಬಿಚ್ಚದ ಇನ್ಸುಲಿನ್ ಬಾಟಲಿಗೆ 2ರಿಂದ 8 ಡಿಗ್ರಿಯ ತಂಪು ಬೇಕು. ಹಾಗೆಂದು ಬರ್ಫವಾಗಲೂಬಾರದು, ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಚೆಲ್ಲುವುದೇ ಸೈ. ಅವರು ಫ್ರಿಜ್ಜಿನೊಳಗೆ ಒಂದು ಥರ್ಮಾಮೀಟರ್ ತೂಗುಹಾಕಿ, ದಿನಕ್ಕೆ ಎರಡು ಸಲ ನೋಡಿ, ವಹಿಯಲ್ಲಿ ಬರೆಯುತ್ತಿದ್ದರು. ಬೇರೊಂದು ಅಂಗಡಿಯಲ್ಲಿ ಇನ್ಸುಲಿನ್ ಬಾಟಲಿಗೆ ಆತುಕೊಂಡು ಮಾಲಕರ ಮನೆಯ ಮೊಸರಿನ ಗಡಿಗೆ ಕುಳಿತಿದ್ದನ್ನೂ ನಾನು ಕಂಡಿದ್ದೇನೆ. ಕೆಟ್ಟ ಮೊಸರು ಹುಳಿ ವಾಸನೆಯಿಂದ ತನ್ನನ್ನು ತಾನೇ ತೋರಿಸಿಕೊಡುತ್ತದೆ. ಬಿಸಿಗೆ ಕೆಟ್ಟ ಇನ್ಸುಲಿನ್ ಎಷ್ಟೋ ಸಲ ನೋಡಲು ಒಳ್ಳೆಯದರಂತೆಯೇ ಇರುತ್ತದೆ. ಔಷಧದ ಕಷ್ಟವೆಲ್ಲ ಇಲ್ಲೇ ಇದೆ. ಬದನೆಕಾಯಿಯನ್ನು ಹಿಚುಕಿ ನೋಡಿ ತರಬಹುದು, ಗುಳಗಿಯನ್ನು ಹಿಚುಕಿ ನೋಡಲು ಬರುವುದಿಲ್ಲ. ಕೊಡುವವನ ಕೈಯನ್ನು ನಂಬಬೇಕು, ಇಲ್ಲವೇ ಅವನ ವಹಿಯನ್ನು.

1998ರಲ್ಲಿ ನನ್ನ ಮಗನಿಗೆ ಎರಡು ವರ್ಷ. ಎರಡು ರಾತ್ರಿ ಕೆಮ್ಮಿ ಕೆಮ್ಮಿ ಯಾರನ್ನೂ ಮಲಗಗೊಡಲಿಲ್ಲ. ಮೂರನೆಯ ದಿನ ಸಂಜೆ ಶಾಲೆಯಿಂದ ಬರುತ್ತಲೇ ಅವನನ್ನು ಬಗಲಲ್ಲಿ ಎತ್ತಿಕೊಂಡು ಮೂಲೆಯ ಅಂಗಡಿಗೆ ಹೋಗಿ ಕೆಮ್ಮಿನ ಔಷಧದ ಬಾಟಲಿ ಕೇಳಿದೆ.

'ಎಷ್ಟು ವರ್ಷರಿ ಕೂಸಿಗೆ?'

'ಎರಡು.'

'ಇಲ್ರಿ ಅಕ್ಕೋರ. ಇಷ್ಟು ಸಣ್ಣ ಕೂಸಿಗೆ ಚೀಟಿ ಇಲ್ಲದ ಕೊಡಾಂಗಿಲ್ಲ. ಬೆಚ್ಚನ್ನ ನೀರು ಕುಡಸ್ರಿ. ಪಕ್ಕಡಿ ಹೊಡಕೊಳ್ಳಾಕ ಹತ್ತಿದರ, ಉಸಿರು ಜೋರಾದರ ತಡಾ ಮಾಡಬ್ಯಾಡ್ರಿ, ದವಾಖಾನಿಗೆ ಹೋಗ್ರಿ.'

ನನಗೆ ಬಂದ ಸಿಟ್ಟು ಹೇಳತೀರದು. ಹತ್ತು ಮಂದಿಗೆ ಪಾಠ ಹೇಳುವ ನನಗೆ ಇವರು ಪಾಠ ಹೇಳುವುದೆ? 'ಮಾರೂದಿಲ್ಲ ಅಂದ್ರ ಅಂಗಡಿ ಯಾಕ ತಗದೀರಿ?' ಎಂದು ಕೇಳಿಯೇಬಿಟ್ಟೆ. ಅಲ್ಲಿಂದ ನೇರ ಬಸ್‌ಸ್ಟ್ಯಾಂಡಿನ ಕಡೆಯ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿ ಯಾವ ಪ್ರಶ್ನೆಯೂ ಇಲ್ಲದೆ ಬಾಟಲಿ ಸಿಕ್ಕಿತು. ಅಂದು ರಾತ್ರಿ ಮಗ ಗಪ್ಪಾಗಿ ಮಲಗಿದ. ಮರುದಿನ ಮೂಲೆಯ ಅಂಗಡಿಯ ಮುಂದೆ ನಾನು ತುಸು ತಲೆ ಎತ್ತಿಯೇ ನಡೆದೆ.

ಆ ತಲೆ ತಗ್ಗಲು ಹದಿನೆಂಟು ವರ್ಷ ಹಿಡಿಯಿತು. 2016ರ ಶ್ರಾವಣ. ನಾವು ಆಗ ಎಲ್ಲಿದ್ದೆವು ಎಂಬುದನ್ನು ಹೇಳುವುದಿಲ್ಲ. ಊರು ಸಣ್ಣದು, ಅಂಗಡಿಯ ಮಾಲಕರು ಒಳ್ಳೆಯವರೇ. ಅತ್ತೆಗೆ ಆಗ ಎಪ್ಪತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ವಿಜಯಪುರದ ಡಾಕ್ಟರು ಬರೆದುಕೊಟ್ಟ ಗುಳಗಿಯ ಹೆಸರಿನ ಮುಂದೆ '1' ಎಂದಿತ್ತು. ಅದೇ ಹೆಸರಿನಲ್ಲಿ 2 ಎಂಬುದೂ ಬರುತ್ತದೆ; ಅದರಲ್ಲಿ ಸಕ್ಕರೆ ಇಳಿಸುವ ಔಷಧ ಇಮ್ಮಡಿ. ಪಟ್ಟಿಗಳು ಅವಳಿ ಮಕ್ಕಳಂತೆ. ಗುಳಗಿ ತರಲು ಹೋದವನು ಇದೇ ನನ್ನ ಮಗ. ಅಂಗಡಿಯಲ್ಲಿ 1 ಇರಲಿಲ್ಲ. ಕೌಂಟರಿನ ಹುಡುಗ 2 ಕೊಟ್ಟು, 'ಅರ್ಧಾ ಮುರದು ಕೊಡ್ರಿ' ಎಂದನಂತೆ. ನನ್ನ ಮಗ ಫೋನಿನಲ್ಲಿ ಮಾತಾಡುತ್ತ ಬಂದು ಪಟ್ಟಿಯನ್ನು ಅಡ್ಡಣಿಗೆಯ ಮೇಲಿಟ್ಟ. ಮಾತು ಅಂಗಡಿಯಲ್ಲೇ ಉಳಿಯಿತು, ಗುಳಗಿ ಮಾತ್ರ ಮನೆಗೆ ಬಂತು. ಬೆಳಿಗ್ಗೆ ಅದನ್ನು ಅತ್ತೆಯ ಕೈಗೆ ಕೊಟ್ಟವಳು ನಾನು. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿರಿ ಎಂದು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಹೇಳಿದ ನಾನು ಪಟ್ಟಿಯನ್ನು ಒಂದು ಸಲವೂ ಓದಲಿಲ್ಲ.

ಅಂದು ಶ್ರಾವಣ ಸೋಮವಾರ, ಅತ್ತೆಯದು ಒಪ್ಪತ್ತು. ಉಪವಾಸದ ದಿನ ಈ ಗುಳಗಿಯನ್ನು ಏನು ಮಾಡಬೇಕೆಂದು ಡಾಕ್ಟರನ್ನು ಕೇಳಬೇಕೆಂಬುದು ನಮಗೂ ಹೊಳೆದಿರಲಿಲ್ಲ. ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದರು. ಸೀರೆಯ ಸೆರಗು ಬೆವರಿನಲ್ಲಿ ತೋಯ್ದಿತ್ತು, ಕೈ ನಡುಗುತ್ತಿತ್ತು. ನನ್ನನ್ನು ಕಂಡು, ತೀರಿಹೋದ ತಮ್ಮ ತಂಗಿಯ ಹೆಸರು ಹಿಡಿದು ಕರೆದು, 'ಯಾವಾಗ ಬಂದಿ?' ಎಂದರು. ಬದಿಯ ಮನೆಯ ನರ್ಸಬಾಯಿ ಓಡಿಬಂದು ಬೆರಳು ಚುಚ್ಚಿ ನೋಡಿದರೆ 48. ಎಪ್ಪತ್ತಕ್ಕಿಂತ ಕೆಳಗಿಳಿದರೇ ಕಡಿಮೆ ಎಂದು ಲೆಕ್ಕ. ನುಂಗುವಷ್ಟು ಎಚ್ಚರವಿದ್ದುದು ನಮ್ಮ ಪುಣ್ಯ. ಸಕ್ಕರೆ ನೀರು ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಗುರುತು ಬಂತು. ಆದರೆ ಈ ಗುಳಗಿಯ ಪರಿಣಾಮ ಬೇಗ ಇಳಿಯುವುದಿಲ್ಲ, ಸಕ್ಕರೆ ಮತ್ತೆ ಬೀಳಬಹುದು ಎಂದು ದವಾಖಾನೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ಆ ರಾತ್ರಿ ಅವರ ಕಾಟಿನ ಬದಿಗೆ ಕುಳಿತು ನಾನು ಆ ಪಟ್ಟಿಯನ್ನು ಎಷ್ಟು ಸಲ ಓದಿದೆನೋ. ಡಾಕ್ಟರು ಇನ್ನೊಂದು ಮಾತು ಹೇಳಿದರು. ಅದು ಒಳಗಿನ ಔಷಧವನ್ನು ನಿಧಾನವಾಗಿ ಬಿಡುವಂತೆ ಮಾಡಿದ ಗುಳಗಿ, ಅಂಥದನ್ನು ಮುರಿಯಲೇಬಾರದು. ಅಂದರೆ ಮಗ ಮರೆಯದೆ ಹೇಳಿದ್ದರೂ ಹೇಳಿದ್ದು ತಪ್ಪೇ ಆಗಿತ್ತು.

ಮರುದಿನ ಜಗಳಕ್ಕೆ ಸಜ್ಜಾಗಿಯೇ ಅಂಗಡಿಗೆ ಹೋದೆ. ಕೌಂಟರಿನ ಹಿಂದೆ ನಿಂತ ಹುಡುಗ 'ನಮಸ್ಕಾರ್ರಿ ಅಕ್ಕೋರ' ಎಂದ. ನನ್ನದೇ ವಿದ್ಯಾರ್ಥಿ! ಹತ್ತನೆಯ ಇಯತ್ತೆಯಲ್ಲಿ ಇಂಗ್ಲಿಷು, ಗಣಿತ ನಪಾಸಾಗಿ ಶಾಲೆ ಬಿಟ್ಟವನು. ಅವನ ತಲೆಯ ಮೇಲೆ ಗೋಡೆಗೆ ಚೌಕಟ್ಟು ಹಾಕಿದ ಫಾರ್ಮಾಸಿಸ್ಟರ ಪ್ರಮಾಣಪತ್ರ ತೂಗುತ್ತಿತ್ತು. ಅದರಲ್ಲಿದ್ದ ಹೆಸರಿನ ಮನುಷ್ಯನನ್ನು ನಾನು ಆ ಅಂಗಡಿಯಲ್ಲಿ ಎಂದೂ ಕಂಡಿರಲಿಲ್ಲ.

'ಇಲ್ಲದಿದ್ದರ ಇಲ್ಲ ಅನಬೇಕಿತ್ತಲ್ಲೋ!' ಎಂದೆ.

ಹುಡುಗನ ಮುಖ ಸಪ್ಪಗಾಯಿತು. 'ಮಾಲಕರು ಇಲ್ಲ ಅನಬ್ಯಾಡ ಅಂದಾರ್ರಿ. ಇಲ್ಲ ಅಂದ್ರ ಗಿರಾಕಿ ಬಾಜೂ ಅಂಗಡಿಗೆ ಹೋಗ್ತಾವಂತ.'

ಹದಿನೆಂಟು ವರ್ಷದ ಹಿಂದೆ ಮೂಲೆಯ ಅಂಗಡಿ ಬಿಟ್ಟು ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋದ ಗಿರಾಕಿ ನಾನೇ ಆಗಿದ್ದೆ. ಆ ಮಾಲಕರಿಗೆ ಈ ಪಾಠ ಕಲಿಸಿದವರು ನಮ್ಮಂಥವರೇ ಅಲ್ಲವೆ? ತಂದ ಜಗಳವನ್ನು ಹಾಗೇ ಮನೆಗೆ ತಿರುಗಿ ಒಯ್ದೆ.

ಆಮೇಲೆ ನಾನು ಕೇಳಿ, ಓದಿ ಒಂದಿಷ್ಟು ತಿಳಿದುಕೊಂಡೆ. ವೈದ್ಯರ ಚೀಟಿಯ ಮೇಲೆ ಔಷಧ ಕೊಡುವ ಕೆಲಸವನ್ನು ನೋಂದಾಯಿತ ಫಾರ್ಮಾಸಿಸ್ಟರೇ ಮಾಡಬೇಕೆಂದು 1948ರ ಫಾರ್ಮಸಿ ಕಾಯಿದೆ ಹೇಳುತ್ತದೆ. ಪ್ರಮಾಣಪತ್ರ ಗೋಡೆಯ ಮೇಲಿದ್ದರೆ ಸಾಲದು, ಮನುಷ್ಯ ಕೌಂಟರಿನಲ್ಲಿರಬೇಕು. ಚೀಟಿ ಇಲ್ಲದೆ ಮಾರಬಾರದ ಔಷಧಗಳಿಗೆ ಎಚ್ ಪಟ್ಟಿ ಎಂದು ಹೆಸರು. ಅದರೊಳಗೂ ಬಲವಾದ ಕೆಲವು ಪ್ರತಿಜೀವಕಗಳು, ಕ್ಷಯದ ಔಷಧಗಳು, ಚಟ ಹಿಡಿಸುವಂಥವು, ಹೀಗೆ 46 ಔಷಧಗಳನ್ನು ಆರಿಸಿ ಎಚ್-1 ಎಂಬ ಪಟ್ಟಿ ಮಾಡಿದರು. ಅದು 2014ರ ಮಾರ್ಚ್ 1ರಿಂದ ಜಾರಿಗೆ ಬಂತು. ಇವನ್ನು ಮಾರಿದಾಗ ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬೇರೆ ವಹಿಯಲ್ಲಿ ಬರೆದು, ಆ ವಹಿಯನ್ನು ಮೂರು ವರ್ಷ ಕಾಯ್ದಿಡಬೇಕು. ಪಟ್ಟಿಯ ಮೇಲೆ ಕೆಂಪು ಗೆರೆ ಕಂಡರೆ ಅದು ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ ಎಂದು ತಿಳಿಯಬೇಕು. ಅವಧಿ 'ಜೂನ್' ಎಂದಿದ್ದರೆ ಜೂನ್ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ಇದೆಲ್ಲ ಗುಟ್ಟೇನಲ್ಲ. ಆದರೆ ಸೀರೆಯ ಅಂಚನ್ನು ಹತ್ತು ಸಲ ತಿರುವಿ ನೋಡುವ ನಾವು ಗುಳಗಿಯ ಪಟ್ಟಿಯನ್ನು ತಿರುವಿ ನೋಡುವುದಿಲ್ಲ.

ಬಸವನ ಬಾಗೇವಾಡಿಯಲ್ಲಿದ್ದಾಗ ಮಕ್ಕಳಿಗೆ ಕಾಯಕದ ಪಾಠ ಹೇಳುವುದು ನನಗೆ ವರ್ಷಕ್ಕೊಮ್ಮೆ ಬರುತ್ತಿತ್ತು. ಬಸವಣ್ಣನವರು ಹುಟ್ಟಿದ ಊರಿನಲ್ಲಿ ಆ ಪಾಠ ಹೇಳುವಾಗ ನಾಲಿಗೆಗೆ ತುಸು ಹೆಚ್ಚೇ ಎಚ್ಚರ ಬೇಕು. ನೇಯುವವರು, ದೋಣಿ ನಡೆಸುವವರು, ಬುಟ್ಟಿ ಹೆಣೆಯುವವರು ಎಂದು ಶರಣರ ಪಟ್ಟಿ ಹೇಳುತ್ತ ವೈದ್ಯ ಸಂಗಣ್ಣನವರ ಹೆಸರಿಗೆ ಬಂದು ನಿಲ್ಲುತ್ತಿದ್ದೆ. ವೈದ್ಯವನ್ನೇ ಕಾಯಕ ಮಾಡಿಕೊಂಡಿದ್ದ ವಚನಕಾರರು ಅವರು. ಬುಟ್ಟಿ ಸಡಿಲಾದರೆ ಕಾಳು ಚೆಲ್ಲುತ್ತದೆ, ಆರಿಸಿಕೊಳ್ಳಬಹುದು. ಔಷಧದ ಕಾಯಕ ಸಡಿಲಾದರೆ ಆರಿಸಿಕೊಳ್ಳುವುದು ಏನನ್ನು? ಆಗೆಲ್ಲ ನನಗೆ ಸಿಂದಗಿಯ ಆ ಹಿರಿಯರ ವಹಿ ನೆನಪಾಗುತ್ತಿತ್ತು.

ಬೇಸಿಗೆಯಲ್ಲಿ ನಮ್ಮ ಮಕ್ಕಳಿಗೆ ವಾಂತಿಭೇದಿ ತಪ್ಪಿದ್ದಲ್ಲ. ಅದಕ್ಕೆ ಓಆರ್‌ಎಸ್ ಪುಡಿ ಕೇಳಿದರೆ, 'ಅದಕಿಂತ ಛಲೋದು' ಎಂದು ಓಆರ್‌ಎಸ್ ಹೆಸರು ಬರೆದ ಸಿಹಿ ಹಣ್ಣಿನ ಪಾನಕದ ಡಬ್ಬಿ ಕೊಡುವ ಅಂಗಡಿಗಳಿದ್ದವು. ಅತಿ ಸಕ್ಕರೆ ಭೇದಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಬೇರೆ. ಒಂದು ಲೀಟರ್ ನೀರಿಗೆ ಇಪ್ಪತ್ತೂವರೆ ಗ್ರಾಂ, ಅದರಲ್ಲಿ ಉಪ್ಪು, ಸಕ್ಕರೆ ಎಲ್ಲಕ್ಕೂ ಲೆಕ್ಕವಿದೆ. ಆ ಸೂತ್ರವಿಲ್ಲದ ಪಾನಕಗಳು ಓಆರ್‌ಎಸ್ ಹೆಸರು ಹಾಕಿಕೊಳ್ಳಬಾರದೆಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿತು. ಅಷ್ಟು ವರ್ಷ ಆ ಮಾತನ್ನು ಹೇಳಬೇಕಿದ್ದದ್ದು ಕೌಂಟರಿನ ಒಂದು 'ಇಲ್ಲ'.

ಅದೇ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಸುದ್ದಿ ಬಂತು. ಕೆಮ್ಮಿನ ಔಷಧ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತವು; ಹೆಚ್ಚಿನವು ಐದು ವರ್ಷದೊಳಗಿನವು. ಔಷಧದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ದ್ರಾವಕ ಶೇಕಡ 48ಕ್ಕಿಂತ ಹೆಚ್ಚಿತ್ತು. ಇರಬಹುದಾದ ಮಿತಿ ಶೇಕಡ 0.1. ಈ ವಿಷ ಹೊಸದಲ್ಲ. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ, 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು, 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಸುಮಾರು 70 ಮಕ್ಕಳು ಇದರಿಂದಲೇ ಸತ್ತಿದ್ದರು. ಪಟ್ಟಿಯಲ್ಲಿದ್ದ ಇನ್ನೊಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ದೆಹಲಿಯ ಹತ್ತಿರದ ಗುರಗಾಂವ್, 33 ಮಕ್ಕಳು, 1998.

1998. ನಾನು ತಲೆ ಎತ್ತಿ ನಡೆದ ವರ್ಷ. ಅಂದು ನನ್ನ ಕೈಗೆ ಬಂದ ಬಾಟಲಿ ಒಳ್ಳೆಯದೇ ಆಗಿತ್ತು, ಮಗ ಇಂದು ನನ್ನ ಕಣ್ಣ ಮುಂದೆ ಇದ್ದಾನೆ. ಆದರೆ ಅದು ಒಳ್ಳೆಯದೆಂದು ಅಂದು ನನಗೂ ಗೊತ್ತಿರಲಿಲ್ಲ, ಕೊಟ್ಟವನಿಗೂ ಗೊತ್ತಿರಲಿಲ್ಲ. ಬಾಟಲಿಯೊಳಗಿನ ವಿಷವನ್ನು ಸಿಂದಗಿಯ ಹಿರಿಯರೂ ಕಣ್ಣಿನಿಂದ ಕಾಣಲಾರರು. ಅದು ಕಾರ್ಖಾನೆಯವರ, ಪರೀಕ್ಷೆ ಮಾಡುವ ಸರಕಾರದವರ ಹೊಣೆ. ಆದರೆ ಬೇಡದ ಔಷಧವನ್ನು ಕೊಡದಿರುವುದು ಅಂಗಡಿಯವರ ಕೈಯಲ್ಲಿತ್ತು, ಅದನ್ನು ಅವರು ಮಾಡಿದ್ದರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಕೊಡಬಾರದು, ಐದರೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಇಲಾಖೆ 2025ರಲ್ಲಿ ತಿಳಿಸಿದ್ದನ್ನು ಆ ಮನುಷ್ಯ ಇಪ್ಪತ್ತೇಳು ವರ್ಷ ಮೊದಲೇ ನನಗೆ ಹೇಳಿದ್ದರು. ಇನ್ನೊಂದು ಕೆಲಸವನ್ನೂ ಅವರು ಮಾಡುತ್ತಿದ್ದರು. ಎರಡು ರೂಪಾಯಿಯ ಗುಳಗಿಗೂ ತಯಾರಿಯ ತಂಡದ ನಂಬರು ಹಾಕಿ ಬಿಲ್ಲು ಕೊಡುತ್ತಿದ್ದರು. ಕೆಟ್ಟ ತಂಡವೊಂದು ಹೊರಗೆ ಬಂತೆಂದು ತಿಳಿದಾಗ ಅದು ಯಾರ ಮನೆಯ ಮಾಡದಲ್ಲಿದೆ ಎಂದು ಹುಡುಕಲು ಆ ಚೂರು ಕಾಗದವೇ ಆಧಾರ. ನಾನು ಅದನ್ನು ಅಂಗಡಿಯ ಕಟ್ಟೆ ಇಳಿಯುವಷ್ಟರಲ್ಲಿ ಮುದುಡಿ ಒಗೆಯುತ್ತಿದ್ದೆ.

ಈಗ ಇಂಡಿಯಲ್ಲಿ ಬಿಲ್ಲು ಕೇಳಿ ಪಡೆಯುತ್ತೇನೆ, ಪಟ್ಟಿಯನ್ನು ಓದುತ್ತೇನೆ. 'ಇಲ್ರಿ' ಎಂದವರ ಮೇಲೆ ಸಿಟ್ಟಾಗುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ತಿಳಿಯಾಗಿಲ್ಲ. ಆ 2016ರ ಅಂಗಡಿಯ ಬಗ್ಗೆ ನಾನು ಯಾರಿಗೂ ದೂರು ಕೊಡಲಿಲ್ಲ. ಕೊಟ್ಟರೆ ಮೊದಲು ಕೆಲಸ ಹೋಗುವುದು ನನ್ನ ಹುಡುಗನದು ಎಂದು ಸುಮ್ಮನಾದೆ. ಆಮೇಲೆ ಅಲ್ಲಿ ಇನ್ನು ಯಾರ ಅತ್ತೆಗೆ ಯಾವ ಗುಳಗಿ ಹೋಯಿತೋ. 'ಇಲ್ಲ, ಇದು ನಡೆಯುವುದಿಲ್ಲ' ಎನ್ನುವುದು ಬೇಕಾದ ಹೊತ್ತಿಗೆ ನನ್ನ ಬಾಯಿಂದಲೂ ಬರಲಿಲ್ಲ.

ನಮ್ಮ ಮನೆಯಲ್ಲಿ ಆ ಮಾತು ಕಲಿತವರು ಅತ್ತೆಯೊಬ್ಬರೇ. ದವಾಖಾನೆಯಿಂದ ಬಂದ ಮೇಲೆ ಉಪವಾಸ ಬಿಡಿಸಿ, ಅದೇ 1ರ ಗುಳಗಿ ಮುಂದುವರಿಸಿದರು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಔಷಧದ ಹೆಸರು ಇಂಗ್ಲಿಷಿನಲ್ಲಿದ್ದರೂ ಅಂಕಿ ಎಲ್ಲರಿಗೂ ಒಂದೇ ಅಲ್ಲವೆ? ಹಳೆಯ ಪಾಟಿಯೊಂದನ್ನು ತೊಳೆದು, ಒಂದು ರವಿವಾರ ಅವರಿಗೆ 1 ಹೇಗಿರುತ್ತದೆ, 2 ಹೇಗಿರುತ್ತದೆ ಎಂದು ತೋರಿಸಿಕೊಟ್ಟೆ. 'ನೆಟ್ಟಗ ನಿಂತದ್ದು ನನ್ನದು, ಬಾಗಿದ್ದು ನನ್ನದಲ್ಲ' ಎಂದು ಅವರು ತಮ್ಮದೇ ಗುರುತು ಮಾಡಿಕೊಂಡರು.

ಎರಡು ವರ್ಷದ ಮೇಲೆ ಒಮ್ಮೆ ಬೇರೆ ಅಂಗಡಿಯಿಂದ ಗುಳಗಿ ಬಂತು. ಅತ್ತೆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ತಿರುವಿ ತಿರುವಿ ನೋಡಿದರು. ಆಮೇಲೆ ಮೊಮ್ಮಗನನ್ನು ಕರೆದು ಅದನ್ನು ಅವನ ಅಂಗೈಯಲ್ಲಿಟ್ಟರು.

'ಇಲ್ಲ. ಇದು ಬಾಗೇದ, ನನ್ನದಲ್ಲ. ತಿರುಗಿ ಕೊಟ್ಟ ಬಾ.'

ಉಪ್ಪು ತೀರಿದರೂ ಆ ಮನೆಯಲ್ಲಿ ಆಡಗೊಡದ ಮಾತು ಅದು. ಅವರೇ ಆಡಿದರು. ಮಗ ಚಪ್ಪಲಿ ಮೆಟ್ಟಿಕೊಂಡು ಹೊರಟ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.